ಲೋಲಕದ ಲೆಕ್ಕ: ಎತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿಯಿತು

ಪಿಯುಸಿ ಮೊದಲ ವರ್ಷದ ಮಕ್ಕಳಿಗೆ ಲೋಲಕದ, ಅಂದರೆ ದಾರಕ್ಕೆ ಕಟ್ಟಿ ತೂಗುಬಿಟ್ಟ ಗುಂಡಿನ, ಲೆಕ್ಕ ಕೊಟ್ಟು ನೋಡಿ. ಮೊದಲು ಗುಂಡಿನ ಚಿತ್ರ ಬರೆಯುತ್ತಾರೆ. ಕೆಳಕ್ಕೆ ಭಾರದ ಬಾಣ, ದಾರದ ಉದ್ದಕ್ಕೆ ಎಳೆತದ ಬಾಣ. ಆಮೇಲೆ ಭಾರವನ್ನು ಸೈನ್, ಕಾಸ್ ಅಂತ ಎರಡು ತುಂಡು ಮಾಡುತ್ತಾರೆ. ಅಲ್ಲಿಗೆ ಪೆನ್ನು ನಿಲ್ಲುತ್ತದೆ. ಗುಂಡು ಸರಿದ ಹಾಗೆಲ್ಲ ಕೋನ ಬದಲಾಗುತ್ತದೆ, ಬಲ ಬದಲಾಗುತ್ತದೆ, ವೇಗೋತ್ಕರ್ಷವೂ (ವೇಗ ಬದಲಾಗುವ ದರ) ಬದಲಾಗುತ್ತದೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಚಲನೆಯ ಮೂರು ಸಮೀಕರಣಗಳು ವೇಗೋತ್ಕರ್ಷ ಒಂದೇ ಸಮ ಇದ್ದಾಗ ಮಾತ್ರ ನಡೆಯುತ್ತವೆ. ಇಲ್ಲಿ ಅವು ಕೈಕೊಡುತ್ತವೆ.

ಶಕ್ತಿಯ ದಾರಿ ಹಿಡಿದರೆ ಈ ತಲೆನೋವೇ ಇಲ್ಲ. ನಡುವೆ ಏನೇನಾಯಿತು ಅಂತ ಅದು ಕೇಳುವುದೇ ಇಲ್ಲ. ಗುಂಡು ಎಲ್ಲಿಂದ ಹೊರಟಿತು, ಎಲ್ಲಿಗೆ ಬಂತು, ಅಷ್ಟು ಹೇಳಿದರೆ ಸಾಕು.

ನಾನು ಚಿಕ್ಕಬಳ್ಳಾಪುರದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಶಿಡ್ಲಘಟ್ಟ, ಗುಡಿಬಂಡೆ, ಬಾಗೇಪಲ್ಲಿ ಕಡೆಯಿಂದಲೂ ಬರುತ್ತಾರೆ. ಇವರ ಪುಸ್ತಕ ತಿದ್ದುವಾಗ ನನಗೆ ಕಾಣುವುದು ಇದು: ಲೋಲಕದ ಲೆಕ್ಕದಲ್ಲಿ ಸೂತ್ರ ಮರೆತು ಅಂಕ ಕಳೆದುಕೊಳ್ಳುವವರು ಕಡಿಮೆ. ಎತ್ತರ ತಪ್ಪು ತೆಗೆದು ಕಳೆದುಕೊಳ್ಳುವವರೇ ಜಾಸ್ತಿ. ಅದಕ್ಕೇ ಈ ಬರಹದಲ್ಲಿ ಎತ್ತರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾಕೆ ಈ ದಾರಿ ನಡೆಯುತ್ತದೆ

ಗುಂಡಿನ ಮೇಲೆ ಎರಡೇ ಬಲ: ಭೂಮಿಯ ಸೆಳೆತ, ದಾರದ ಎಳೆತ. ಗುಂಡು ವೃತ್ತದ ಮೇಲೆ ಸಾಗುತ್ತದೆ, ದಾರ ಯಾವಾಗಲೂ ಆ ವೃತ್ತದ ಕೇಂದ್ರದ ಕಡೆಗೆ ಎಳೆಯುತ್ತದೆ. ಅಂದರೆ ಯಾವ ಕ್ಷಣ ನೋಡಿದರೂ ದಾರದ ಎಳೆತ ಗುಂಡಿನ ಚಲನೆಗೆ ಲಂಬವಾಗಿಯೇ ಇರುತ್ತದೆ. ಚಲನೆಗೆ ಲಂಬವಾದ ಬಲ ಕೆಲಸ ಮಾಡುವುದಿಲ್ಲ. ಹಾಗಾಗಿ ದಾರ ಗುಂಡಿಗೆ ಶಕ್ತಿ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ದಿಕ್ಕು ತಿರುಗಿಸುತ್ತದೆ, ಅಷ್ಟೇ.

ಉಳಿಯುವುದು ಭೂಮಿಯ ಸೆಳೆತ ಒಂದೇ. ಗುಂಡು ಇಳಿದಾಗ ಎತ್ತರದಿಂದ ಬಂದ ಪ್ರಚ್ಛನ್ನ ಶಕ್ತಿ ಕಡಿಮೆಯಾಗುತ್ತದೆ, ವೇಗದಿಂದ ಬರುವ ಚಲನ ಶಕ್ತಿ ಅಷ್ಟೇ ಹೆಚ್ಚಾಗುತ್ತದೆ. ಏರುವಾಗ ಇದರ ಉಲ್ಟಾ. ನಿಂತಲ್ಲಿಂದ ಬಿಟ್ಟ ಗುಂಡಿಗೆ ಹೀಗೆ ಬರೆಯಬಹುದು (ಜಿ ಅಂದರೆ ಭೂಮಿಯ ಸೆಳೆತದ ವೇಗೋತ್ಕರ್ಷ, 9.8):

½ × ದ್ರವ್ಯರಾಶಿ × ವೇಗ² = ದ್ರವ್ಯರಾಶಿ × ಜಿ × ಇಳಿದ ಎತ್ತರ

ದ್ರವ್ಯರಾಶಿ ಎರಡೂ ಕಡೆ ಇದೆ, ಹೊಡೆದು ಹಾಕಿ.

ವೇಗ² = 2 × ಜಿ × ಇಳಿದ ಎತ್ತರ

ಲೋಲಕದ ವೇಗದ ಲೆಕ್ಕಗಳೆಲ್ಲ ಈ ಸಾಲಿನಿಂದಲೇ ಹೊರಡುತ್ತವೆ. ಇದರಲ್ಲಿ ದಾರದ ಉದ್ದ ನೇರವಾಗಿ ಇಲ್ಲ, ಕೋನ ಇಲ್ಲ, ಗುಂಡಿನ ತೂಕವಂತೂ ಇಲ್ಲವೇ ಇಲ್ಲ. ಎತ್ತರ ಮಾತ್ರ ಇದೆ.

ಎರಡು ಷರತ್ತು ಮನಸ್ಸಿನಲ್ಲಿರಲಿ. ದಾರ ಕಟ್ಟಿದ ಜಾಗ ಅಲುಗಾಡಬಾರದು. ದಾರ ಹಿಗ್ಗಬಾರದು, ಸಡಿಲವೂ ಆಗಬಾರದು. ಮರದ ಕೊಂಬೆ ತೂಗಾಡುತ್ತಿದ್ದರೆ ಕೊಂಬೆಯೂ ಒಂದಿಷ್ಟು ಶಕ್ತಿ ತಿನ್ನುತ್ತದೆ. ಪರೀಕ್ಷೆಯ ಲೆಕ್ಕದಲ್ಲಿ ಕೊಂಬೆ ಗಟ್ಟಿಯಾಗಿರುತ್ತದೆ, ಬಿಡಿ.

ಮೊದಲ ಹೆಜ್ಜೆ: ಎರಡು ಜಾಗ ಗುರುತು ಮಾಡುವುದು

ಪ್ರಶ್ನೆ ಓದಿದ ಮೇಲೆ ಪೆನ್ನು ಎತ್ತುವ ಮೊದಲು ಅದನ್ನು ನಿಮ್ಮ ಮನೆಮಾತಿನಲ್ಲಿ, ಕನ್ನಡವೋ ತೆಲುಗೋ ಉರ್ದುವೋ, ಒಂದೇ ಸಾಲಿನಲ್ಲಿ ಹೇಳಿಕೊಳ್ಳಿ: 'ಇಂಥ ಜಾಗದಲ್ಲಿ ಹೀಗಿತ್ತು, ಇಂಥ ಜಾಗದಲ್ಲಿ ಹೇಗಿರುತ್ತದೆ?' ಈ ಸಾಲು ಬಾಯಿಗೆ ಬರಲಿಲ್ಲ ಅಂದರೆ ಪ್ರಶ್ನೆ ಇನ್ನೂ ಅರ್ಥವಾಗಿಲ್ಲ ಅಂತಲೇ ತಿಳಿಯಿರಿ.

ಆಮೇಲೆ ಚಿತ್ರದಲ್ಲಿ ಆ ಎರಡು ಜಾಗಕ್ಕೂ ಚುಕ್ಕಿ ಇಡಿ. ಒಂದೊಂದು ಚುಕ್ಕಿಯ ಪಕ್ಕದಲ್ಲೂ ಎರಡು ವಿಷಯ ಬರೆಯಿರಿ: ಎತ್ತರ ಎಷ್ಟು, ವೇಗ ಎಷ್ಟು. ಒಟ್ಟು ನಾಲ್ಕು ಸಂಖ್ಯೆ. ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಮೂರು ಸಿಗುತ್ತವೆ, ನಾಲ್ಕನೆಯದನ್ನು ಕಂಡುಹಿಡಿಯಬೇಕು. 'ಬಿಡಲಾಯಿತು' ಅಂತ ಇದ್ದರೆ ಅಲ್ಲಿ ವೇಗ ಸೊನ್ನೆ. 'ಎಲ್ಲಿಯವರೆಗೆ ಏರುತ್ತದೆ' ಅಂತ ಇದ್ದರೆ ಆ ತುದಿಯಲ್ಲಿ ವೇಗ ಸೊನ್ನೆ. 'ತಳ್ಳಲಾಯಿತು' ಅಂತ ಇದ್ದರೆ ಮಾತ್ರ ಶುರುವಿನಲ್ಲೇ ವೇಗ ಇರುತ್ತದೆ.

ಎತ್ತರವನ್ನು ಎಲ್ಲಿಂದ ಅಳೆಯಬೇಕು ಅಂತ ಬಹಳ ಜನ ಕೇಳುತ್ತಾರೆ. ಎಲ್ಲಿಂದಾದರೂ ಅಳೆಯಿರಿ, ಆದರೆ ಎರಡು ಚುಕ್ಕಿಗೂ ಅದೇ ಜಾಗದಿಂದ ಅಳೆಯಿರಿ. ಗುಂಡಿನ ಅತಿ ಕೆಳಗಿನ ಜಾಗವನ್ನು ಸೊನ್ನೆ ಅಂದುಕೊಂಡರೆ ಲೆಕ್ಕ ಚಿಕ್ಕದಾಗುತ್ತದೆ.

ಎರಡನೆಯ ಹೆಜ್ಜೆ: ಎತ್ತರ

ನಿಜವಾದ ಕೆಲಸ ಇಲ್ಲೇ ಇರುವುದು. ಎತ್ತರವನ್ನು ಪ್ರಶ್ನೆಯಲ್ಲಿ ನೇರವಾಗಿ ಕೊಡುವುದು ಅಪರೂಪ. ಅದನ್ನು ಯಾವುದೋ ವೇಷದಲ್ಲಿ ಕೊಟ್ಟಿರುತ್ತಾರೆ. ವೇಷ ಗುರುತಿಸಬೇಕು.

ಹೆಚ್ಚಾಗಿ ಬರುವುದು ಕೋನ. ಹುಣಸೆ ಮರಕ್ಕೆ ಕಟ್ಟಿದ ಉಯ್ಯಾಲೆ ಅಂದುಕೊಳ್ಳಿ. ಹಗ್ಗ 5 ಮೀಟರ್. ಹಗ್ಗ ನೇರ ಗೆರೆಯಿಂದ 37 ಡಿಗ್ರಿ ಓರೆಯಾಗುವವರೆಗೆ ಹಿಂದಕ್ಕೆ ಎಳೆದು ಬಿಟ್ಟರೆ ಕೆಳಗೆ ಬಂದಾಗ ವೇಗ ಎಷ್ಟು?

ಕೊಂಬೆಯಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಉಯ್ಯಾಲೆ ಓರೆಯಾಗಿದ್ದಾಗ ಅದು ಕೊಂಬೆಯಿಂದ ಎಷ್ಟು ಕೆಳಗಿದೆ? 5 × ಕಾಸ್ 37, ಅಂದರೆ 5 × 0.8 = 4 ಮೀಟರ್. ನೇರವಾಗಿ ತೂಗುವಾಗ 5 ಮೀಟರ್ ಕೆಳಗಿರುತ್ತದೆ. ವ್ಯತ್ಯಾಸ 1 ಮೀಟರ್. ಅದೇ ಇಳಿದ ಎತ್ತರ.

ಇಳಿದ ಎತ್ತರ = ಉದ್ದ × (1 − ಕಾಸ್ ಕೋನ)

ವೇಗ² = 2 × 9.8 × 1 = 19.6. ವೇಗ ಸೆಕೆಂಡಿಗೆ 4.43 ಮೀಟರ್, ಅಂದರೆ ಗಂಟೆಗೆ ಸುಮಾರು 16 ಕಿಲೋಮೀಟರ್. ಊರೊಳಗೆ ಸೈಕಲ್ ಹೋಗುವ ವೇಗ. ನಂಬುವ ಹಾಗಿದೆ ಅಲ್ವಾ? ಉತ್ತರ ಬಂದ ಮೇಲೆ ಹೀಗೆ ಒಂದು ಸಲ ಗಂಟೆಗೆ ಕಿಲೋಮೀಟರ್ ಮಾಡಿ ನೋಡಿ. ಉಯ್ಯಾಲೆ ಗಂಟೆಗೆ 90 ಕಿಲೋಮೀಟರ್ ಓಡಿತು ಅಂತ ಬಂದರೆ ಎಲ್ಲೋ ಎಡವಟ್ಟಾಗಿದೆ.

ಈ ಸೂತ್ರವನ್ನು ಉರು ಹೊಡೆಯಬೇಡಿ ಅಂತ ನಾನು ಯಾಕೆ ಹೇಳುತ್ತೇನೆ ಗೊತ್ತೇ? ಪ್ರಶ್ನೆ ಬರೆಯುವವರು ಕೋನವನ್ನು ಅಡ್ಡ ಗೆರೆಯಿಂದ ಕೊಟ್ಟುಬಿಡುತ್ತಾರೆ. 2 ಮೀಟರ್ ದಾರ ಅಡ್ಡ ಗೆರೆಯಿಂದ 30 ಡಿಗ್ರಿ ಕೆಳಗಿದೆ ಅಂದರೆ ನೇರ ಗೆರೆಯಿಂದ ಅದು 60 ಡಿಗ್ರಿ. ಎತ್ತರ 2 × (1 − 0.5) = 1 ಮೀಟರ್. ಕಣ್ಣುಮುಚ್ಚಿ ಕಾಸ್ 30 ಹಾಕಿದವರಿಗೆ 27 ಸೆಂಟಿಮೀಟರ್ ಬರುತ್ತದೆ. ಚಿತ್ರ ಬರೆದವರು ಈ ಹಳ್ಳಕ್ಕೆ ಬೀಳುವುದಿಲ್ಲ.

ಎರಡನೆಯ ವೇಷ ಅಡ್ಡ ದೂರ. 'ಉಯ್ಯಾಲೆಯನ್ನು 3 ಮೀಟರ್ ಹಿಂದಕ್ಕೆ ಎಳೆದು ಬಿಟ್ಟರು, ಹಗ್ಗ 5 ಮೀಟರ್.' 3 ಅನ್ನುವುದು ಎತ್ತರ ಅಲ್ಲ. ಹಗ್ಗ ಕರ್ಣ, 3 ಒಂದು ಬಾಹು. ಪೈಥಾಗೊರಸ್ ಪ್ರಕಾರ ಇನ್ನೊಂದು ಬಾಹು √(25 − 9) = 4. ಹಾಗಾದರೆ ಎತ್ತರ 5 − 4 = 1 ಮೀಟರ್. ಮೇಲಿನ ಲೆಕ್ಕವೇ ಬೇರೆ ಅಂಗಿ ತೊಟ್ಟು ಬಂದಿದೆ. ಇಲ್ಲಿ ಎರಡು ಬಗೆಯ ತಪ್ಪು ನೋಡಿದ್ದೇನೆ: 3 ಅನ್ನೇ ಎತ್ತರ ಅಂದುಕೊಳ್ಳುವುದು, ಇಲ್ಲವೇ 4 ಬಂದ ಕೂಡಲೇ ಅದನ್ನೇ ಸೂತ್ರಕ್ಕೆ ತುಂಬುವುದು. ಎರಡನೆಯದು ಜಾಸ್ತಿ. 4 ಅನ್ನುವುದು ಕೊಂಬೆಯಿಂದ ಕೆಳಕ್ಕಿರುವ ದೂರ. ನಮಗೆ ಬೇಕಿರುವುದು ಉಯ್ಯಾಲೆ ಎಷ್ಟು ಇಳಿಯುತ್ತದೆ ಅನ್ನುವುದು.

ಮೂರನೆಯದು ಸುಲಭ. ನೆಲದಿಂದ ಅಳತೆ ಕೊಡುತ್ತಾರೆ: ಹಲಗೆ ಕೆಳಗಿದ್ದಾಗ ನೆಲದಿಂದ ಅರ್ಧ ಮೀಟರ್, ಮೇಲಿದ್ದಾಗ 1.7 ಮೀಟರ್. ಕಳೆದರೆ 1.2. ಇಲ್ಲಿ ಹಗ್ಗದ ಉದ್ದ ಬೇಕಾಗುವುದೇ ಇಲ್ಲ. ಕೊಟ್ಟಿದ್ದರೂ ಬಳಸಬೇಕಾಗಿಲ್ಲ. ಕೊಟ್ಟ ಸಂಖ್ಯೆಯನ್ನೆಲ್ಲ ಬಳಸಲೇಬೇಕು ಅನ್ನುವ ಅಭ್ಯಾಸ ಬಿಡಿ.

ಉದ್ದದ ಬಗ್ಗೆ ಇನ್ನೊಂದು ಮಾತು. ದಾರದ ಉದ್ದ ಅಂದರೆ ಕಟ್ಟಿದ ಜಾಗದಿಂದ ಗುಂಡಿನ ಮಧ್ಯದವರೆಗೆ. ಗುಂಡಿನ ಮೇಲ್ಭಾಗದವರೆಗೆ ಅಲ್ಲ. ಉಯ್ಯಾಲೆಯಲ್ಲಿ ಕೂತ ಮನುಷ್ಯರಿಗಾದರೆ ಭಾರದ ಮಧ್ಯ ಹಲಗೆಯಲ್ಲಿರುವುದಿಲ್ಲ, ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಲೆಕ್ಕಕ್ಕೆ ಬರುವ ಉದ್ದ ಹಗ್ಗಕ್ಕಿಂತ ಸ್ವಲ್ಪ ಕಡಿಮೆ.

ಮೂರನೆಯ ಹೆಜ್ಜೆ: ವೇಗ, ದಾರಿಯ ನಡುವೆಯೂ

ಕೆಳಗಿನ ಜಾಗದಲ್ಲಿ ಮಾತ್ರ ಅಲ್ಲ, ದಾರಿಯಲ್ಲಿ ಎಲ್ಲಿ ಬೇಕಾದರೂ ವೇಗ ಕೇಳಬಹುದು. ಹಗ್ಗ 4 ಮೀಟರ್, 60 ಡಿಗ್ರಿಯಲ್ಲಿ ಬಿಟ್ಟಿದ್ದು, 30 ಡಿಗ್ರಿಗೆ ಬಂದಾಗ ಎಷ್ಟು? ಎರಡೂ ಜಾಗ ಕೊಂಬೆಯಿಂದ ಎಷ್ಟು ಕೆಳಗಿವೆ ನೋಡಿ: 4 × 0.5 = 2, ಮತ್ತು 4 × 0.866 = 3.464. ಇಳಿದಿದ್ದು 1.464 ಮೀಟರ್. ವೇಗ √28.7, ಅಂದರೆ ಸೆಕೆಂಡಿಗೆ 5.36 ಮೀಟರ್. ತೀರಾ ಕೆಳಗೆ ಬಂದಾಗ 2 ಮೀಟರ್ ಇಳಿದಿರುತ್ತದೆ, ವೇಗ 6.26.

ಇಲ್ಲಿ ಒಂದು ಸೊಗಸಿದೆ. ಕೋನ ಅರ್ಧವಾದಾಗ ವೇಗ ಅರ್ಧ ಅಲ್ಲ, ಹೆಚ್ಚುಕಡಿಮೆ ಪೂರ್ತಿ ಬಂದುಬಿಟ್ಟಿದೆ. ಎತ್ತರ ಅರ್ಧ ಇಳಿದಾಗಲೂ ಅಷ್ಟೇ: ವೇಗ 4.43, ಅಂದರೆ ಪೂರ್ತಿ ವೇಗದ ಶೇಕಡ 71. ವೇಗದ ವರ್ಗ ಎತ್ತರಕ್ಕೆ ತಕ್ಕಂತೆ ಬೆಳೆಯುವುದರಿಂದ ಹೀಗೆ. ಅರ್ಧ ವೇಗ ಸಿಗುವುದು ಎತ್ತರದಲ್ಲಿ ಕಾಲು ಭಾಗ ಇಳಿದಾಗಲೇ.

ಇನ್ನು ತಳ್ಳಿ ಬಿಟ್ಟ ಲೆಕ್ಕ. 1 ಮೀಟರ್ ಎತ್ತರದಿಂದ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ತಳ್ಳಿ ಬಿಟ್ಟರು. ಕೆಳಗೆ ಎಷ್ಟು? ಸುಮ್ನೆ 4.43ಕ್ಕೆ 2 ಸೇರಿಸಿ 6.43 ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಸೇರಿಸಬೇಕಾದ್ದು ಶಕ್ತಿಯನ್ನು, ವೇಗವನ್ನಲ್ಲ.

ವೇಗ² = ಶುರುವಿನ ವೇಗ² + 2 × ಜಿ × ಇಳಿದ ಎತ್ತರ = 4 + 19.6 = 23.6

ಉತ್ತರ 4.86. ಅಷ್ಟು ಜೋರಾಗಿ ತಳ್ಳಿದರೂ ಕೆಳಗೆ ಬಂದಾಗ ಅರ್ಧ ಮೀಟರಿನಷ್ಟೂ ಹೆಚ್ಚಾಗಲಿಲ್ಲ. ಹಿಂದಕ್ಕೆ, ಅಂದರೆ ಮೇಲಕ್ಕೆ ತಳ್ಳಿದ್ದರೆ? ಅದೇ 4.86. ಉಯ್ಯಾಲೆ ಇನ್ನೊಂದು 20 ಸೆಂಟಿಮೀಟರ್ ಮೇಲೇರಿ, ವಾಪಸ್ ಅದೇ ಜಾಗಕ್ಕೆ ಅದೇ 2 ಮೀಟರ್ ವೇಗದಲ್ಲಿ ಬರುತ್ತದೆ. ಅಲ್ಲಿಂದ ಮುಂದೆ ಕಥೆ ಒಂದೇ.

ಉಲ್ಟಾ ಲೆಕ್ಕವೂ ಬರುತ್ತದೆ. ಕೆಳಗಿದ್ದಾಗ ವೇಗ 3, ದಾರ 2.5 ಮೀಟರ್, ಎಷ್ಟು ಡಿಗ್ರಿ ಏರುತ್ತದೆ? ಎತ್ತರ = 9 ÷ 19.6 = 0.459. ಕಾಸ್ ಕೋನ = 1 − 0.459 ÷ 2.5 = 0.816. ಕೋನ ಸುಮಾರು 35 ಡಿಗ್ರಿ. ಮೊದಲು ಎತ್ತರ, ಆಮೇಲೆ ಕೋನ. ಒಂದೇ ಏಟಿಗೆ ಕೋನಕ್ಕೆ ಹಾರಬೇಡಿ.

ಗೆಲಿಲಿಯೋನ ಮೊಳೆ

ಎತ್ತರವೇ ಎಲ್ಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ನನಗೆ ಗೊತ್ತಿಲ್ಲ. ಗೋಡೆಗೆ ಮೊಳೆ ಹೊಡೆದು ದಾರದಲ್ಲಿ ಗುಂಡು ಇಳಿಬಿಡಿ. ಅದರ ನೇರ ಕೆಳಗೆ, ದಾರ ತಾಗುವ ಹಾಗೆ ಇನ್ನೊಂದು ಮೊಳೆ ಹೊಡೆಯಿರಿ. ಗುಂಡನ್ನು ಪಕ್ಕಕ್ಕೆ ಎಳೆದು ಬಿಡಿ. ಅರ್ಧ ದಾರಿಯಲ್ಲಿ ದಾರ ಕೆಳಗಿನ ಮೊಳೆಗೆ ತಾಗಿ ಮಡಚಿಕೊಳ್ಳುತ್ತದೆ, ಗುಂಡು ಚಿಕ್ಕ ವೃತ್ತದಲ್ಲಿ ತಿರುಗುತ್ತದೆ. ಆದರೂ ಆ ಬದಿಯಲ್ಲಿ ಹೆಚ್ಚುಕಡಿಮೆ ಬಿಟ್ಟ ಎತ್ತರಕ್ಕೇ ಏರುತ್ತದೆ. ಉದ್ದ ಬದಲಾಯಿತು, ಕೋನ ಬದಲಾಯಿತು, ಎತ್ತರ ಬದಲಾಗಲಿಲ್ಲ. ಗೆಲಿಲಿಯೋ ಇದನ್ನು 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಶಕ್ತಿ ಸಂರಕ್ಷಣೆಯ ನಿಯಮ ಸ್ಪಷ್ಟ ರೂಪ ಪಡೆದಿದ್ದು 1840ರ ದಶಕದಲ್ಲಿ. ಅದಕ್ಕೆ ಎರಡು ಶತಮಾನ ಮೊದಲೇ ಮೊಳೆ, ದಾರದಲ್ಲಿ ಈ ಮಾತು ಸಿಕ್ಕಿಬಿದ್ದಿತ್ತು.

ಗುಂಡಿಗೆ ಏರಲು ಜಾಗವೇ ಇಲ್ಲದಷ್ಟು ಕೆಳಗೆ ಮೊಳೆ ಹೊಡೆದರೆ ಅದು ಮೊಳೆಗೆ ಸುತ್ತಿಕೊಳ್ಳುತ್ತದೆ. ಇಲ್ಲಿಂದ ಒಂದು ಪ್ರಸಿದ್ಧ ಪ್ರಶ್ನೆ ಹುಟ್ಟಿದೆ: ದಾರವನ್ನು ಅಡ್ಡವಾಗಿ ಹಿಡಿದು ಬಿಟ್ಟರೆ, ಗುಂಡು ಮೊಳೆಯ ಸುತ್ತ ಪೂರ್ತಿ ಸುತ್ತಬೇಕಾದರೆ ಮೊಳೆ ಎಷ್ಟು ಕೆಳಗಿರಬೇಕು? ಉತ್ತರ: ದಾರದ ಉದ್ದದ ಐದರಲ್ಲಿ ಮೂರು ಭಾಗ, ಇಲ್ಲವೇ ಅದಕ್ಕಿಂತ ಕೆಳಗೆ. 1 ಮೀಟರ್ ದಾರಕ್ಕೆ 60 ಸೆಂಟಿಮೀಟರ್. ಚಿಕ್ಕ ವೃತ್ತದ ತಲೆಯಲ್ಲಿ ವೇಗ ಸೊನ್ನೆ ಅಂತ ಹಾಕಿದವರಿಗೆ 50 ಸೆಂಟಿಮೀಟರ್ ಬರುತ್ತದೆ, ಅದು ತಪ್ಪು. ತಲೆಯ ಮೇಲೆ ದಾರ ಬಿಗಿಯಾಗಿ ಉಳಿಯಬೇಕಾದರೆ ಅಲ್ಲಿ ವೇಗದ ವರ್ಗ ಕನಿಷ್ಠ ಜಿ × ಚಿಕ್ಕ ವೃತ್ತದ ತ್ರಿಜ್ಯದಷ್ಟಾದರೂ ಇರಬೇಕು. ಇಲ್ಲದಿದ್ದರೆ ಮೇಲೆ ಮುಟ್ಟುವ ಮೊದಲೇ ದಾರ ಸಡಿಲವಾಗಿ ಗುಂಡು ಕೆಳಗೆ ಬೀಳುತ್ತದೆ.

ಮೊಳೆ ಇಲ್ಲದೆ ಪೂರ್ತಿ ಸುತ್ತು ಹಾಕಿಸುವ ಲೆಕ್ಕಕ್ಕೂ ಇದೇ ತರ್ಕ. ದಾರವಾದರೆ ಕೆಳಗಿನ ವೇಗದ ವರ್ಗ ಕನಿಷ್ಠ 5 × ಜಿ × ಉದ್ದ. ದಾರದ ಬದಲು ತೂಕವಿಲ್ಲದ ಗಟ್ಟಿ ಕಡ್ಡಿಯಾದರೆ 4 × ಜಿ × ಉದ್ದ ಸಾಕು, ಯಾಕೆಂದರೆ ಕಡ್ಡಿ ಸಡಿಲವಾಗುವುದಿಲ್ಲ, ಮೇಲೆ ವೇಗ ಸೊನ್ನೆಯಾದರೂ ನಡೆಯುತ್ತದೆ. ಅರ್ಧ ಮೀಟರಿಗೆ ಇವು 4.95 ಮತ್ತು 4.43. ಪ್ರಶ್ನೆಯಲ್ಲಿ ದಾರವೋ ಕಡ್ಡಿಯೋ ನೋಡಿಕೊಳ್ಳಿ.

ಇದೇ ಕಾರಣಕ್ಕೆ ಗುಂಡನ್ನು ಅಡ್ಡ ಗೆರೆಗಿಂತ ಮೇಲೆ ಹಿಡಿದು ಸುಮ್ಮನೆ ಬಿಟ್ಟರೆ ಸೂತ್ರ ನಡೆಯುವುದಿಲ್ಲ. ದಾರ ಸಡಿಲವಾಗಿ ಗುಂಡು ನೇರ ಕೆಳಗೆ ಬೀಳುತ್ತದೆ, ಆಮೇಲೆ ದಾರ ಜಗ್ಗಿದಾಗ ಒಂದಿಷ್ಟು ಶಕ್ತಿ ಆ ಜಗ್ಗಾಟದಲ್ಲೇ ಹೋಗುತ್ತದೆ.

ಹಗ್ಗ ತಡೆಯುತ್ತದೆಯೇ

ಶಕ್ತಿಯ ಲೆಕ್ಕ ದಾರದ ಎಳೆತ ಎಷ್ಟು ಅಂತ ಹೇಳುವುದಿಲ್ಲ. ದಾರ ಕೆಲಸ ಮಾಡುವುದಿಲ್ಲ ಅಂತ ಅದನ್ನು ನಾವೇ ಲೆಕ್ಕದಿಂದ ಹೊರಗಿಟ್ಟೆವಲ್ಲ. ಎಳೆತ ಬೇಕಾದರೆ ವೃತ್ತ ಚಲನೆಯ ಪಾಠಕ್ಕೆ ಹೋಗಬೇಕು. ಮೊದಲು ಶಕ್ತಿಯಿಂದ ವೇಗ, ಆಮೇಲೆ ವೇಗದಿಂದ ಎಳೆತ.

ಕೆಳಗಿನ ಜಾಗದಲ್ಲಿ ದಾರ ಎರಡು ಕೆಲಸ ಮಾಡಬೇಕು. ಗುಂಡಿನ ಭಾರ ಹೊರಬೇಕು, ಜೊತೆಗೆ ಅದನ್ನು ವೃತ್ತದಲ್ಲಿ ತಿರುಗಿಸಬೇಕು.

ಎಳೆತ = ಭಾರ + ದ್ರವ್ಯರಾಶಿ × ವೇಗ² ÷ ಉದ್ದ

ನಿಂತಲ್ಲಿಂದ ಬಿಟ್ಟ ಗುಂಡಾದರೆ ವೇಗದ ಜಾಗದಲ್ಲಿ ನಮ್ಮ ಸೂತ್ರ ತುಂಬಿ. ಬರುವುದು ಹೀಗೆ:

ಎಳೆತ = ಭಾರ × (3 − 2 × ಕಾಸ್ ಕೋನ)

ಉದ್ದ ಮಾಯವಾಯಿತು. 60 ಡಿಗ್ರಿಯಿಂದ ಬಿಟ್ಟರೆ ಎಳೆತ ಭಾರದ ಎರಡರಷ್ಟು. ಅಡ್ಡವಾಗಿ, ಅಂದರೆ 90 ಡಿಗ್ರಿಯಿಂದ ಬಿಟ್ಟರೆ ಮೂರರಷ್ಟು. ಹಗ್ಗ ಮಾರುದ್ದ ಇರಲಿ, ಮಹಡಿ ಎತ್ತರ ಇರಲಿ, ಇದೇ ಲೆಕ್ಕ.

ತುದಿಯಲ್ಲಿ ವೇಗ ಸೊನ್ನೆ, ಅಲ್ಲಿ ಎಳೆತ ಬರೀ ಭಾರ × ಕಾಸ್ ಕೋನ. 60 ಡಿಗ್ರಿಗೆ ಅರ್ಧ ಭಾರ. ಅಂದರೆ ಒಂದೇ ತೂಗಿನಲ್ಲಿ ಎಳೆತ ಅರ್ಧದಿಂದ ಎರಡರವರೆಗೆ, ನಾಲ್ಕು ಪಟ್ಟು ಏರುತ್ತದೆ. ಉಯ್ಯಾಲೆಯ ತುದಿಯಲ್ಲಿ ಮೈ ಹಗುರ, ಕೆಳಗೆ ಬಂದಾಗ ಹಲಗೆಗೆ ಒತ್ತಿದ ಹಾಗೆ ಅನಿಸುವುದು ಇದಕ್ಕೇ. 70 ಕಿಲೋ ತೂಕದವರು 60 ಡಿಗ್ರಿ ತೂಗಿಕೊಂಡರೆ ಹಗ್ಗಗಳ ಮೇಲೆ 140 ಕಿಲೋ ಇಳಿಬಿಟ್ಟಷ್ಟು ಎಳೆತ, ಎರಡು ಹಗ್ಗ ಹಂಚಿಕೊಂಡರೂ ಒಂದೊಂದಕ್ಕೆ 70. ತೆಂಗಿನ ನಾರಿನ ಹಗ್ಗ ಮಳೆಯಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಹಳೆಯದಾಗಿದ್ದರೆ ಮಕ್ಕಳನ್ನು ಕೂರಿಸುವ ಮೊದಲು, ಸುಮ್ಮನೆ ಜೋತುಬಿದ್ದು ನೋಡಿದರೆ ಸಾಲದು.

ಶಕ್ತಿ ಸೋರುವ ಜಾಗಗಳು

ಎಲ್ಲಿ ಈ ದಾರಿ ಹಿಡಿಯಬಾರದು ಅಂತಲೂ ಗೊತ್ತಿರಬೇಕು. ದೊಡ್ಡ ಬಲೆ ಡಿಕ್ಕಿಯ ಲೆಕ್ಕ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಬಂದೂಕಿನ ಗುಂಡಿನ ವೇಗ ಅಳೆಯಲು ಲೋಲಕವನ್ನೇ ಬಳಸುವ ವಿಧಾನ ಪ್ರಕಟಿಸಿದ. ಗುಂಡು ತೂಗುಬಿಟ್ಟ ಭಾರಕ್ಕೆ ಹೊಕ್ಕು ಅಲ್ಲೇ ಉಳಿಯುತ್ತದೆ, ಭಾರ ಹಿಂದಕ್ಕೆ ತೂಗುತ್ತದೆ, ಎಷ್ಟು ತೂಗಿತು ಅಂತ ಅಳೆದು ವೇಗ ತೆಗೆಯುವುದು.

ನಮ್ಮ ಲೆಕ್ಕಕ್ಕೆ ಜೇಡಿಮಣ್ಣಿನ ಉಂಡೆ ಸಾಕು. ಉಂಡೆ 100 ಗ್ರಾಂ, ವೇಗ ಸೆಕೆಂಡಿಗೆ 20 ಮೀಟರ್. ತೂಗುಬಿಟ್ಟ ಮರದ ತುಂಡು 1.9 ಕಿಲೋ. ಉಂಡೆ ಹೋಗಿ ಅಂಟಿಕೊಂಡಿತು. ಎಷ್ಟು ಎತ್ತರ ಏರುತ್ತದೆ?

ಶುರುವಿನಿಂದ ಕೊನೆಯವರೆಗೆ ಶಕ್ತಿ ಉಳಿಯಿತು ಅಂದುಕೊಂಡರೆ: ಉಂಡೆಯ ಚಲನ ಶಕ್ತಿ 20 ಜೌಲ್, ಏರುವ ದ್ರವ್ಯರಾಶಿ 2 ಕಿಲೋ, ಎತ್ತರ 1.02 ಮೀಟರ್. ಸರಿಯಾದ ಉತ್ತರ 5 ಸೆಂಟಿಮೀಟರ್! ಇಪ್ಪತ್ತು ಪಟ್ಟು ತಪ್ಪು.

ಉಂಡೆ ಅಂಟುವ ಆ ಒಂದು ಕ್ಷಣದಲ್ಲಿ ಚಲನ ಶಕ್ತಿ ಉಳಿಯುವುದಿಲ್ಲ. ಮಣ್ಣು ಚಪ್ಪಟೆಯಾಗುತ್ತದೆ, ಬಿಸಿಯಾಗುತ್ತದೆ, ಸದ್ದಾಗುತ್ತದೆ. ಉಳಿಯುವುದು ಸಂವೇಗ, ಅಂದರೆ ದ್ರವ್ಯರಾಶಿ × ವೇಗ. 0.1 × 20 = 2 × ಹೊಸ ವೇಗ, ಹಾಗಾಗಿ ಹೊಸ ವೇಗ 1. ಇಲ್ಲಿಂದ ಮೇಲೆ ಶಕ್ತಿಯ ದಾರಿ ಮತ್ತೆ ನಡೆಯುತ್ತದೆ: ಎತ್ತರ = 1 ÷ 19.6 = 0.051 ಮೀಟರ್. 20 ಜೌಲಿನಲ್ಲಿ 19 ಡಿಕ್ಕಿಯಲ್ಲೇ ಹೋಯಿತು. ಇಂಥ ಲೆಕ್ಕ ಬಂದಾಗ ಪುಟದ ಮೇಲೆ ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲೆ ಡಿಕ್ಕಿ, ಸಂವೇಗ. ಕೆಳಗೆ ತೂಗು, ಶಕ್ತಿ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಬೇಡಿ.

ಗಾಳಿಯ ತಡೆ ಇದ್ದರೆ ಅದನ್ನು ಕಳೆದು ಲೆಕ್ಕ ಮಾಡಬಹುದು. 1 ಮೀಟರ್ ಎತ್ತರದಿಂದ ಬಿಟ್ಟ ಉಯ್ಯಾಲೆ ಆ ಬದಿಗೆ 90 ಸೆಂಟಿಮೀಟರ್ ಮಾತ್ರ ಏರಿತು ಅಂದರೆ ಶೇಕಡ 10 ಶಕ್ತಿ ಹೋಗಿದೆ. ಕೆಳಗೆ ಬಂದಾಗಿನ ವೇಗಕ್ಕೆ ಪೂರ್ತಿ 10 ಕಳೆಯಬೇಡಿ, ಅರ್ಧ ದಾರಿಯಷ್ಟೇ ಆಗಿದೆ. ಸುಮಾರು 5 ಕಳೆದರೆ ವೇಗ 4.32. ತಡೆಯೇ ಇಲ್ಲದಿದ್ದರೆ 4.43. ಇಷ್ಟು ಚಿಕ್ಕ ವ್ಯತ್ಯಾಸ ಬರುವುದರಿಂದಲೇ ತಡೆ ಮರೆತು ಮಾಡಿದ ಲೆಕ್ಕವೂ ಚೆನ್ನಾಗಿಯೇ ಹೊಂದುತ್ತದೆ.

ಗುಂಡಿನ ತೂಕ ಸೂತ್ರದಲ್ಲಿ ಹೊಡೆದುಹೋಯಿತು, ಹಾಗಾದರೆ ಪ್ರಯೋಗಾಲಯದಲ್ಲಿ ಕಬ್ಬಿಣದ ಗುಂಡೇ ಯಾಕೆ, ಥರ್ಮಾಕೋಲ್ ಯಾಕಲ್ಲ? ತೂಕ ಹೊಡೆದುಹೋಗುವುದು ಸೆಳೆತದ ಲೆಕ್ಕದಲ್ಲಿ ಮಾತ್ರ. ಗಾಳಿಯ ತಡೆ ತೂಕ ನೋಡುವುದಿಲ್ಲ, ಗಾತ್ರ ಮತ್ತು ವೇಗ ನೋಡುತ್ತದೆ. ಭಾರದ ಗುಂಡಿನಲ್ಲಿ ಶಕ್ತಿ ಹೆಚ್ಚು, ಸೋರುವುದು ಅಷ್ಟೇ, ಹಾಗಾಗಿ ಬಹಳ ಹೊತ್ತು ತೂಗುತ್ತದೆ. 1851ರಲ್ಲಿ ಪ್ಯಾರಿಸ್ಸಿನಲ್ಲಿ ಭೂಮಿಯ ತಿರುಗಾಟ ತೋರಿಸಲು ಫೂಕೋ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿದ್ದೂ ಅದು ಗಂಟೆಗಟ್ಟಲೆ ತೂಗಲಿ ಅಂತಲೇ.

ಜಾತ್ರೆಗೆ ಬರುವ ದೋಣಿ ಉಯ್ಯಾಲೆಗೆ ಈ ಸೂತ್ರ ಹಾಕಬೇಡಿ. ಕೆಳಗೆ ಮೋಟಾರಿಗೆ ಜೋಡಿಸಿದ ಟೈರು ಪ್ರತಿ ಸಲ ತಳ್ಳುತ್ತಿರುತ್ತದೆ. ಕಾಲು ಚಾಚಿ ಮಡಚಿ ತಾವೇ ಜೀಕಿಕೊಳ್ಳುವ ಮಕ್ಕಳೂ ಅಷ್ಟೇ, ಸ್ನಾಯುಗಳಿಂದ ಶಕ್ತಿ ತುಂಬುತ್ತಿರುತ್ತಾರೆ.

ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು ಬೇಕು ಅನ್ನುವುದನ್ನೂ ಈ ದಾರಿ ನೇರವಾಗಿ ಹೇಳುವುದಿಲ್ಲ. ಅದಕ್ಕೆ ಬೇರೆ ಸೂತ್ರ: 2 × ಪೈ × √(ಉದ್ದ ÷ ಜಿ). ಅದೂ ಕೋನ ಚಿಕ್ಕದಿದ್ದಾಗ ಮಾತ್ರ. 60 ಡಿಗ್ರಿ ತೂಗುವ ಲೋಲಕಕ್ಕೆ ಇದು ಹೇಳುವುದಕ್ಕಿಂತ ಶೇಕಡ 7ರಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಶಕ್ತಿಯ ಸೂತ್ರಕ್ಕೆ ಕೋನದ ಈ ಕಟ್ಟುಪಾಡು ಇಲ್ಲ.

ಮನೆಯಲ್ಲೇ ಪರೀಕ್ಷೆ ಮಾಡುವುದು

ಗೌರಿಬಿದನೂರು ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನೇ ಪರೀಕ್ಷೆ ಮಾಡಲು ಸಮಿತಿ ಕಟ್ಟಿದವರು. ಅವರ ಜಿಲ್ಲೆಯ ಮಕ್ಕಳು ಸೂತ್ರವನ್ನು ಪರೀಕ್ಷೆ ಮಾಡದೆ ಒಪ್ಪಿಕೊಳ್ಳುವುದು ಚೆನ್ನಾಗಿರುವುದಿಲ್ಲ.

ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಅಂತ ನೋಡಲು ಇಳಿಬಿಡುವ ಗುಂಡು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಕಬ್ಬಿಣದ ನಟ್ ಸಾಕು. ಹಿಗ್ಗದ ದಾರ ಬೇಕು, ರಬ್ಬರಿನಂತೆ ಎಳೆಯುವ ದಾರ ಬೇಡ. ಬಾಗಿಲ ಚೌಕಟ್ಟಿಗೆ ಗಟ್ಟಿಯಾಗಿ ಕಟ್ಟಿ. ಗುಂಡಿನ ಮಧ್ಯದವರೆಗೆ ಸರಿಯಾಗಿ 1 ಮೀಟರ್ ಇರಲಿ. ಗುಂಡಿನ ಹಿಂದೆ, ಅದು ಅತಿ ಕೆಳಗೆ ಬರುವ ಜಾಗದಲ್ಲಿ, ಅಡ್ಡಲಾಗಿ ಒಂದು ಸ್ಕೇಲು ನಿಲ್ಲಿಸಿ. ಫೋನನ್ನು ಎದುರಿಗೆ, ಗುಂಡಿನ ಮಟ್ಟಕ್ಕೆ, ಒಂದಿಷ್ಟು ದೂರದಲ್ಲಿಟ್ಟು ಸ್ಲೋ ಮೋಷನ್ ಹಾಕಿ. ತೀರಾ ಹತ್ತಿರ ಇಟ್ಟರೆ ಸ್ಕೇಲಿನ ಓದು ಓರೆಯಾಗುತ್ತದೆ.

ಗುಂಡನ್ನು 60 ಸೆಂಟಿಮೀಟರ್ ಪಕ್ಕಕ್ಕೆ ಎಳೆಯಿರಿ. ಎತ್ತರ 1 − √(1 − 0.36) = 0.2 ಮೀಟರ್. ಸೂತ್ರದ ಪ್ರಕಾರ ಕೆಳಗೆ ವೇಗ √3.92 = 1.98. ಫೋನು ಸೆಕೆಂಡಿಗೆ 240 ಚಿತ್ರ ತೆಗೆಯುತ್ತಿದ್ದರೆ 10 ಚಿತ್ರಗಳ ಅಂತರದಲ್ಲಿ ಗುಂಡು ಸುಮಾರು 8.2 ಸೆಂಟಿಮೀಟರ್ ಸರಿಯಬೇಕು. ಸ್ಕೇಲಿನ ಮೇಲೆ ಓದಿ ನೋಡಿ. ಕಡಿಮೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಗಾಳಿಯನ್ನಲ್ಲ, ದಾರದ ಉದ್ದವನ್ನು ಮತ್ತು ಬಿಡುವಾಗ ಕೈ ತಡೆದಿದ್ದನ್ನು.

ಅಂದ ಹಾಗೆ, ಪುಸ್ತಕದ 9.8 ಒಂದು ದುಂಡು ಸಂಖ್ಯೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದಲ್ಲಿ ಜಿ ಸುಮಾರು 9.78. ಸಮಭಾಜಕಕ್ಕೆ ಹತ್ತಿರ ಇದ್ದೇವೆ, ಸಮುದ್ರಮಟ್ಟದಿಂದ ಮೇಲೂ ಇದ್ದೇವೆ. ಈ ಪ್ರಯೋಗದಲ್ಲಿ ಅದು ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಪರೀಕ್ಷೆಯಲ್ಲಿ 10 ಹಾಕಿ ಅಂದರೆ 10, ಇಲ್ಲದಿದ್ದರೆ 9.8.

ಕೈ ಪಳಗಿಸಿಕೊಳ್ಳಲು ನಾಲ್ಕು ಲೆಕ್ಕ

1.6 ಮೀಟರ್ ದಾರವನ್ನು ಅಡ್ಡವಾಗಿ ಹಿಡಿದು ಗುಂಡು ಬಿಟ್ಟಿದೆ. ದಾರ ನೇರ ಗೆರೆಯಿಂದ 60 ಡಿಗ್ರಿಯಲ್ಲಿರುವಾಗ ವೇಗ ಎಷ್ಟು? ಉತ್ತರ ಸೆಕೆಂಡಿಗೆ 3.96 ಮೀಟರ್. ಇಳಿದಿದ್ದು 0.8 ಮೀಟರ್ ಅಂತ ಕಂಡರೆ ಮುಂದಿನದು ಒಂದೇ ಸಾಲು.

80 ಸೆಂಟಿಮೀಟರ್ ದಾರದ ಗುಂಡು ಕೆಳಗಿನ ಜಾಗದಲ್ಲಿ 2.8 ಮೀಟರ್ ವೇಗದಲ್ಲಿ ಹೋಗುತ್ತಿದೆ. ಎಷ್ಟು ಡಿಗ್ರಿ ಏರುತ್ತದೆ? 60.

ಅರ್ಧ ಕಿಲೋ ಗುಂಡು, ದಾರ 8 ನ್ಯೂಟನ್‌ಗಿಂತ ಹೆಚ್ಚು ತಡೆಯುವುದಿಲ್ಲ. ಎಷ್ಟು ಡಿಗ್ರಿಯವರೆಗೆ ಎಳೆದು ಬಿಡಬಹುದು? ಸುಮಾರು 47. ಇದರಲ್ಲಿ ದಾರದ ಉದ್ದ ಕೊಟ್ಟಿಲ್ಲವಲ್ಲ ಅಂತ ಕೇಳಿದರೆ ಎಳೆತದ ಭಾಗವನ್ನು ಇನ್ನೊಮ್ಮೆ ಓದಿ.

1 ಮೀಟರ್ ದಾರ, ಅಡ್ಡವಾಗಿ ಹಿಡಿದು ಬಿಟ್ಟಿದ್ದು, 70 ಸೆಂಟಿಮೀಟರ್ ಕೆಳಗೆ ಮೊಳೆ. ಚಿಕ್ಕ ವೃತ್ತದ ತಲೆಯಲ್ಲಿ ಗುಂಡಿನ ವೇಗ ಎಷ್ಟು, ಅದು ಪೂರ್ತಿ ಸುತ್ತುತ್ತದೆಯೇ? ವೇಗ 2.8. ಸುತ್ತಲು ಬೇಕಿರುವುದು 1.71, ಹಾಗಾಗಿ ಆರಾಮಾಗಿ ಸುತ್ತುತ್ತದೆ.